29ಕ್ಕೆ ಮೊದಲ ಗ್ರ್ಯಾಂಡ್‌ಸ್ಲಾಮ್ ಗೆದ್ದವರು ಇನ್ನೆಷ್ಟು ಗೆಲ್ಲಬಹುದು?

ಪ್ರಶ್ನೆ: ಸರ್, ಸುಮಾರು 20 ವರ್ಷದಿಂದ ಟೆನಿಸ್ ನೋಡುತ್ತಿದ್ದೇನೆ. 40 ದಾಟಿದರೂ ವಾರಕ್ಕೆ ಎರಡು ದಿನ ಆಡುತ್ತೇನೆ. ಮ್ಯಾಡಿಸನ್ ಕೀಸ್ 2025ರ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರಿಗೆ 29, ಇನ್ನು ಮೂರು ವಾರ ಕಳೆದರೆ 30. ಅದೇ ವರ್ಷ ಯುಎಸ್ ಓಪನ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತರು, ಒಂದೇ ಮ್ಯಾಚಲ್ಲಿ 89 ಅನ್‌ಫೋರ್ಸ್ಡ್ ಎರರ್ (ಎದುರಾಳಿಯ ಒತ್ತಡವಿಲ್ಲದೆ ತಾವೇ ಮಾಡಿದ ತಪ್ಪು)! ನನ್ನ ಜೊತೆ ಆಡುವ ಸ್ನೇಹಿತ ಹೇಳುವುದು, ತಡವಾಗಿ ಅರಳಿದವರ ಮೈ ಕಮ್ಮಿ ಸವೆದಿರುತ್ತದೆ, ಹಾಗಾಗಿ ಇನ್ನೂ ಐದು ಗೆಲ್ಲುತ್ತಾರೆ ಅಂತ. ನಾನು ಸ್ವಿಟ್ಜರ್ಲೆಂಡಿನ ವಾವ್ರಿಂಕಾ ಕಥೆ ನೋಡಿದವನು, 30 ದಾಟಿದ ಮೇಲೆ ಇನ್ನು ಒಂದೂ ಇಲ್ಲ ಅಂತೀನಿ. ಸೋತವರು ಗೆದ್ದವರಿಗೆ ಹೊಸ ರಾಕೆಟ್ ಕೊಡಿಸಬೇಕು ಅಂತ ಪಂದ್ಯ ಕಟ್ಟಿದ್ದೇವೆ. ಯಾರು ಸರಿ? ಇಂಥ ಆಟಗಾರರು ಟೂರ್ನಿ ಕಮ್ಮಿ ಮಾಡಬೇಕಾ, ಕೋಚ್ ಬದಲಿಸಬೇಕಾ, ಡಬಲ್ಸ್‌ಗೆ ಹೋಗಬೇಕಾ?

ಉತ್ತರ: ರಾಕೆಟ್ ವಿಷಯ ಕೊನೆಗೆ ನೋಡೋಣ.

ನಾನು ಸ್ಪೋರ್ಟ್ಸ್ ಫಿಸಿಯೊ. ಕೋಚ್ ಅಲ್ಲ, ಕಾಮೆಂಟೇಟರೂ ಅಲ್ಲ. ಆಟಗಾರರ ಫೋರ್‌ಹ್ಯಾಂಡ್‌ಗಿಂತ ಅವರ ಮಂಡಿ, ಭುಜ, ಹಿಮ್ಮಡಿ ನೋಡಿದ್ದೇ ಜಾಸ್ತಿ. ಹಾಗಾಗಿ ನನ್ನ ಮಾತೂ ಆ ಕಡೆಗೇ ವಾಲುತ್ತದೆ, ಅದೊಂದು ತಲೆಯಲ್ಲಿಟ್ಟುಕೊಂಡು ಓದಿ.

ನೀವು ಕೇಳಿದ್ದು ಒಂದೇ ಪ್ರಶ್ನೆ ಅನ್ನಿಸಿದರೂ ಅದರೊಳಗೆ ಎರಡಿವೆ. ಗ್ರ್ಯಾಂಡ್‌ಸ್ಲಾಮ್ ಅನ್ನೋ ವರ್ಷದ ನಾಲ್ಕು ದೊಡ್ಡ ಟೂರ್ನಿಯಲ್ಲಿ ಒಂದನ್ನು ಗೆಲ್ಲೋಕೆ ಬೇಕಾದ ಏಳು ಮ್ಯಾಚನ್ನು 30ರ ಆಸುಪಾಸಿನ ಮೈ ಎರಡು ವಾರದಲ್ಲಿ ತಡೆಯುತ್ತದಾ ಅನ್ನೋದು ಒಂದು. ಮೊದಲ ಸಲ ಗೆಲ್ಲಿಸಿದ್ದು ಎರಡನೇ ಸಲವೂ ಗೆಲ್ಲಿಸುತ್ತದಾ ಅನ್ನೋದು ಇನ್ನೊಂದು. ಜನ ಎರಡನ್ನೂ ಸೇರಿಸಿ ‘ವಯಸ್ಸಾಯ್ತು’ ಅಂದುಬಿಡುತ್ತಾರೆ.

ಮೊದಲು ನಿಮ್ಮ ಸ್ನೇಹಿತರ ವಾದ. ಮೈ ಕಮ್ಮಿ ಸವೆದಿದೆ ಅನ್ನೋದು ಕೇಳೋಕೆ ಚೆನ್ನಾಗಿದೆ, ಆದರೆ ಲೆಕ್ಕ ತಪ್ಪು. ಕೀಸ್ ತಡವಾಗಿ ಅರಳಿದವರಲ್ಲ, ತಡವಾಗಿ ಗೆದ್ದವರು. 14 ತುಂಬಿದ ದಿನವೇ ಪ್ರೊಫೆಷನಲ್ ಆದವರು ಅವರು. 2017ರಲ್ಲೇ ಯುಎಸ್ ಓಪನ್ ಫೈನಲ್ ಆಡಿ ಸ್ಲೋನ್ ಸ್ಟೀಫನ್ಸ್‌ಗೆ ಸೋತಿದ್ದರು. ಅಂದರೆ ಕಪ್ ಎತ್ತುವ ಹೊತ್ತಿಗೆ ಆ ಭುಜ 16 ವರ್ಷ ಸರ್ವ್ ಮಾಡಿತ್ತು. ವಾವ್ರಿಂಕಾನೂ ಅಷ್ಟೇ. 2003ರಲ್ಲಿ ಜೂನಿಯರ್ ಫ್ರೆಂಚ್ ಓಪನ್ ಗೆದ್ದ ಹುಡುಗ ದೊಡ್ಡವರ ಗ್ರ್ಯಾಂಡ್‌ಸ್ಲಾಮ್ ಗೆದ್ದಿದ್ದು 2014ರಲ್ಲಿ. ನಡುವಿನ 11 ವರ್ಷ ಅವರೇನು ಮನೆಯಲ್ಲಿ ಕೂತಿರಲಿಲ್ಲ, ವರ್ಷವಿಡೀ ಊರೂರು ಸುತ್ತಿ ಆಡುತ್ತಿದ್ದರು. ಗೆದ್ದ ಕಪ್ ಎಷ್ಟು ಅಂತ ಮಂಡಿ ಎಣಿಸುವುದಿಲ್ಲ, ಕಾಲೂರಿ ನಿಂತಿದ್ದನ್ನಷ್ಟೇ ಎಣಿಸುತ್ತದೆ.

ನಿಜವಾಗಿ ನಡುವೆ ವಿಶ್ರಾಂತಿ ಸಿಕ್ಕವರು ಅಂದರೆ ಚೀನಾದ ಲಿ ನಾ. 2002ರಲ್ಲಿ ಟೆನಿಸ್ ಬಿಟ್ಟು ಓದೋಕೆ ಹೋದರು, 2004ರಲ್ಲಿ ವಾಪಸ್ ಬಂದರು. 29ಕ್ಕೆ ಫ್ರೆಂಚ್ ಓಪನ್, 31ಕ್ಕೆ ಆಸ್ಟ್ರೇಲಿಯನ್ ಓಪನ್. ಸರಿ, ಎರಡು ವರ್ಷ ಉಳಿತಾಯ ಆಯಿತಲ್ಲ ಅನ್ನಬಹುದು. ಆದರೆ 2014ರ ಜನವರಿಯಲ್ಲಿ ಕಪ್ ಎತ್ತಿದವರು ಅದೇ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಹೇಳಿದರು. ಕಾರಣ ಮಂಡಿ. ನಾಲ್ಕು ಸರ್ಜರಿ ಆಗಿತ್ತು.

ಇನ್ನು ನಿಮ್ಮ ವಾದ, 30 ದಾಟಿದರೆ ಮುಗೀತು ಅನ್ನೋದು. ಇದೂ ನಿಲ್ಲುವುದಿಲ್ಲ. ಫ್ಲಾವಿಯಾ ಪೆನೆಟಾ 2015ರ ಯುಎಸ್ ಓಪನ್ ಗೆದ್ದಿದ್ದು 33ಕ್ಕೆ. ಜರ್ಮನಿಯ ಕೆರ್ಬರ್ ವಿಂಬಲ್ಡನ್ ಗೆದ್ದಿದ್ದು 30ಕ್ಕೆ. ನೀವೇ ಹೇಳಿದ ವಾವ್ರಿಂಕಾ ಯುಎಸ್ ಓಪನ್ ಗೆದ್ದಾಗ 31. ಸೆರೆನಾ 35, ಫೆಡರರ್ 36, ಜೊಕೊವಿಚ್ 36, ಇವರ ಹೆಸರನ್ನೂ ಹೇಳಬಹುದು, ಆದರೆ ನಾನು ಹೇಳುವುದಿಲ್ಲ. ಅವರು 17–21ಕ್ಕೇ ಗೆಲ್ಲೋಕೆ ಶುರು ಮಾಡಿದವರು. ಗೆದ್ದು ಅಭ್ಯಾಸ ಇರುವವರು 35ಕ್ಕೂ ಗೆಲ್ಲುವುದು ಬೇರೆ, 29ಕ್ಕೆ ಮೊದಲ ಸಲ ಬಾಗಿಲು ತೆರೆದವರು ಪದೇ ಪದೇ ಒಳಗೆ ಹೋಗುವುದು ಬೇರೆ.

ಹಾಗಾದರೆ ಎರಡನೇ ಥರದವರಿಗೆ ಎಷ್ಟು ಸಿಕ್ಕಿದೆ? 28 ತುಂಬಿದ ಮೇಲೆ ಸಿಂಗಲ್ಸ್‌ನಲ್ಲಿ ಮೊದಲ ಗ್ರ್ಯಾಂಡ್‌ಸ್ಲಾಮ್ ಗೆದ್ದವರನ್ನು ಸುಮ್ನೆ ಬೆರಳಲ್ಲಿ ಎಣಿಸಿ. ವಾವ್ರಿಂಕಾ ಮೂರು. ಕೆರ್ಬರ್ ಮೂರು. ಲಿ ನಾ ಎರಡು. ಸ್ಕಿಯವೋನೆ, ಪೆನೆಟಾ, ಬಾರ್ತೋಲಿ, ನೊವೊಟ್ನಾ, ಇವಾನಿಸೆವಿಚ್, ಕೊರ್ಡಾ, ಗೊಮೆಜ್, ಇವರಿಗೆಲ್ಲ ಒಂದೊಂದೇ. 1968ರಲ್ಲಿ ಓಪನ್ ಯುಗ (ವೃತ್ತಿಪರರಿಗೂ ಗ್ರ್ಯಾಂಡ್‌ಸ್ಲಾಮ್ ಬಾಗಿಲು ತೆರೆದ ಕಾಲ) ಶುರುವಾದ ಮೇಲೆ ಹೀಗೆ ತಡವಾಗಿ ಶುರು ಮಾಡಿ ನಾಲ್ಕನೆಯದು ಮುಟ್ಟಿದವರಿಲ್ಲ. ಐದು ಅಂತ ಪಂದ್ಯ ಕಟ್ಟಿದ ನಿಮ್ಮ ಸ್ನೇಹಿತರ ಧೈರ್ಯ ಮೆಚ್ಚಬೇಕು.

ಯಾಕೆ ಹೀಗೆ? ನನ್ನ ಪ್ರಕಾರ ಉತ್ತರ ಮ್ಯಾಚ್ ಒಳಗಿಲ್ಲ. ಎರಡು ಮ್ಯಾಚ್ ನಡುವಿನ 48 ಗಂಟೆಯಲ್ಲಿದೆ.

30ರ ಆಟಗಾರರ ಸರ್ವ್ ವೇಗ ಅಷ್ಟೇನೂ ಬಿದ್ದಿರುವುದಿಲ್ಲ. ಚೆಂಡು ಎಲ್ಲಿ ಬರುತ್ತದೆ ಅನ್ನೋ ಅಂದಾಜು 22ರವರಿಗಿಂತ ಚೆನ್ನಾಗೇ ಇರುತ್ತದೆ. ಒಂದು ದಿನ, ಒಂದು ಮ್ಯಾಚ್ ಅಂದರೆ ಯಾರನ್ನು ಬೇಕಾದರೂ ಸೋಲಿಸುತ್ತಾರೆ. ಕಷ್ಟ ಬರುವುದು ಬ್ರೇಕ್ ಹಾಕುವುದರಲ್ಲಿ. ಅಂಗಳದ ಅಂಚಿಗೆ ಓಡಿ, ಕಾಲೂರಿ ನಿಂತು, ಹೊಡೆದು, ತಕ್ಷಣ ನಡುವಿಗೆ ವಾಪಸ್ ಬರಬೇಕು. ಆ ನಿಲ್ಲುವ ಕ್ಷಣದಲ್ಲಿ ಮೈಭಾರದ ಹಲವು ಪಟ್ಟು ಮಂಡಿ ಕೆಳಗಿನ ಟೆಂಡನ್ ಮೇಲೆ ಬೀಳುತ್ತದೆ. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿದ ಹುರಿ ಇದ್ದ ಹಾಗೆ. ಸ್ನಾಯುವಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಬೇಗ ಸುಧಾರಿಸುತ್ತದೆ. ಹುರಿಗೆ ಆ ಅನುಕೂಲ ಕಮ್ಮಿ, ನಿಧಾನ. ವಯಸ್ಸಾದಂತೆ ಇನ್ನೂ ನಿಧಾನ. ಗ್ರ್ಯಾಂಡ್‌ಸ್ಲಾಮ್‌ನಲ್ಲಿ ಸಾಮಾನ್ಯವಾಗಿ ದಿನ ಬಿಟ್ಟು ದಿನ ಮ್ಯಾಚ್, ಅಲ್ವಾ? ಹುರಿ ಪೂರ್ತಿ ಸುಧಾರಿಸುವ ಮೊದಲೇ ಮತ್ತೆ ಎಳೆದರೆ ಅವತ್ತು ಏನೂ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಐದನೇ, ಆರನೇ ಮ್ಯಾಚಿನಲ್ಲಿ.

ನಾನು ನೋಡಿಕೊಳ್ಳುತ್ತಿದ್ದ ಒಬ್ಬರು ಆಟಗಾರ್ತಿ, ಆಗ 31. ಮೂರು ಸೆಟ್ ಗುದ್ದಾಡಿ ಗೆದ್ದ ಮರುದಿನ ಬೆಳಗ್ಗೆ ಹೇಗಿದ್ದೀರಿ ಅಂದೆ. ‘ಫಸ್ಟ್ ಕ್ಲಾಸ್’ ಅಂದರು. ಮಂಚದ ಮೇಲೆ ಮಲಗಿಸಿ ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗೇ ಇತ್ತು, ನೋವು ಅಂತಲೂ ಹೇಳಲಿಲ್ಲ. ಆಮೇಲೆ ತಿಂಡಿಗೆ ಅಂತ ಇಬ್ಬರೂ ಮೆಟ್ಟಿಲು ಇಳಿಯುತ್ತಿದ್ದೆವು. ನಾನು ಹಿಂದೆ ಇದ್ದೆ. ಆರನೇ ಮೆಟ್ಟಿಲಿಗೆ ಅವರ ಎಡಗೈ ತಾನಾಗೇ ಕಂಬಿ ಹಿಡಿಯಿತು, ಪಾದ ಸ್ವಲ್ಪ ಅಡ್ಡ ತಿರುಗಿತು, ಬಲಗಾಲು ಇಟ್ಟ ಮೆಟ್ಟಿಲಿಗೇ ಎಡಗಾಲನ್ನೂ ತಂದು ಇಟ್ಟು ಆಮೇಲೆ ಮುಂದಿನದಕ್ಕೆ ಹೋದರು. ಫೋನ್ ನೋಡುತ್ತ ಇಳಿಯುತ್ತಿದ್ದರು, ಹೀಗೆ ಇಳಿಯುತ್ತಿದ್ದೇನೆ ಅಂತ ಅವರಿಗೇ ಗೊತ್ತಿರಲಿಲ್ಲ. ಮರುದಿನದ ಮ್ಯಾಚಲ್ಲಿ ಎರಡನೇ ಸೆಟ್ಟಿಗೆ ನೆಟ್ ಹತ್ತಿರ ಮೆಲ್ಲಗೆ ಬೀಳುವ ಡ್ರಾಪ್ ಶಾಟ್ ಹಿಂದೆ ಓಡುವುದನ್ನೇ ಬಿಟ್ಟರು. ಅವತ್ತಿಂದ ನಾನು ಆಟಗಾರರನ್ನು ಹೇಗಿದ್ದೀರಿ ಅಂತ ಕೇಳುವುದು ಕಮ್ಮಿ, ಮೆಟ್ಟಿಲು ಇಳಿಸುವುದು ಜಾಸ್ತಿ.

ಈಗ ವಾವ್ರಿಂಕಾ ಕಥೆಗೆ ಬನ್ನಿ. 2017ರ ಫ್ರೆಂಚ್ ಓಪನ್, ವಯಸ್ಸು 32. ಶುಕ್ರವಾರ ಸೆಮಿಫೈನಲ್‌ನಲ್ಲಿ ಆಗಿನ ನಂಬರ್ 1 ಆ್ಯಂಡಿ ಮರ್ರೆ ಜೊತೆ ಐದು ಸೆಟ್, ನಾಲ್ಕೂವರೆ ಗಂಟೆ ಆಡಿ ಗೆದ್ದರು. ಐದನೇ ಸೆಟ್ 6-1, ನೋಡಿದವರು ಈ ಮನುಷ್ಯನಿಗೆ ದಣಿವೇ ಇಲ್ಲ ಅಂದುಕೊಂಡಿರಬೇಕು. ಭಾನುವಾರ ಫೈನಲ್. ನಡಾಲ್ ಎದುರು 6-2, 6-3, 6-1. ಸೋಲಿಸಿದ್ದು ನಡಾಲ್, ಅದೂ ಆ ಮಣ್ಣಿನ ಅಂಗಳದಲ್ಲಿ, ಆ ಮಾತು ಬೇರೆ. ಆದರೂ ವಾವ್ರಿಂಕಾ ಬ್ಯಾಕ್‌ಹ್ಯಾಂಡ್‌ಗೆ ಅವತ್ತು ಕಾಲು ಜೊತೆ ಕೊಡಲಿಲ್ಲ. ಮುಂದೆ ವಿಂಬಲ್ಡನ್‌ನಲ್ಲಿ ಮೊದಲ ಸುತ್ತಿಗೇ ಮನೆಗೆ, ಆಗಸ್ಟ್‌ನಲ್ಲಿ ಮಂಡಿ ಸರ್ಜರಿ. ವಾಪಸ್ ಬಂದ ಮೇಲೂ ಚೆನ್ನಾಗಿ ಆಡಿದರು, 2019ರಲ್ಲಿ ಎರಡು ಗ್ರ್ಯಾಂಡ್‌ಸ್ಲಾಮ್ ಕ್ವಾರ್ಟರ್‌ಫೈನಲ್ ತಲುಪಿದರು. ಅದರಾಚೆ ಹೋಗಲಿಲ್ಲ. ಗಮನಿಸಿ, ಒಂದೊಂದು ಮ್ಯಾಚ್ ಗೆಲ್ಲುವ ತಾಕತ್ತು ಹೋಗಿರಲಿಲ್ಲ. ಸಾಲಾಗಿ ಏಳು ಗೆಲ್ಲುವುದು ಹೋಗಿತ್ತು.

ಇಲ್ಲಿ ಕೀಸ್‌ಗೆ ಒಂದು ಅನುಕೂಲ ಇದೆ. ಮಹಿಳೆಯರ ಮ್ಯಾಚ್ ಮೂರು ಸೆಟ್ಟಿನದು. ಅದೇ 48 ಗಂಟೆ, ಆದರೆ ಸುಧಾರಿಸಿಕೊಳ್ಳಬೇಕಾದ್ದು ಕಮ್ಮಿ.

ಮೈ ಕಥೆ ಇಷ್ಟು. ಇನ್ನು ಎರಡನೇ ಪ್ರಶ್ನೆ, ಗೆದ್ದ ಸಲ ಆ ಗೆಲುವು ಹೇಗೆ ಬಂತು ಅನ್ನೋದು. ಇದನ್ನು ನಾನು ಗಮನಿಸಿದ್ದು ತೀರಾ ಈಚೆಗೆ, ಗಮನಿಸಿದ ಮೇಲೆ ತಲೆಯಿಂದ ಹೋಗುತ್ತಲೇ ಇಲ್ಲ. 2014ರ ಆಸ್ಟ್ರೇಲಿಯನ್ ಓಪನ್ ಗೆದ್ದ ಲಿ ನಾ ಮೂರನೇ ಸುತ್ತಿನಲ್ಲಿ ಸಫರೋವಾ ಎದುರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡಿದ್ದರು, ಅಂದರೆ ಆ ಒಂದು ಪಾಯಿಂಟ್ ಹೋಗಿದ್ದರೆ ಸೋಲು; ಸಫರೋವಾ ಹೊಡೆದ ಚೆಂಡು ಗೆರೆಯಿಂದ ಚೂರು ಆಚೆ ಬಿತ್ತು ಅಷ್ಟೇ. 2016ರಲ್ಲಿ ಅದೇ ಟೂರ್ನಿ ಗೆದ್ದ ಕೆರ್ಬರ್ ಮೊದಲ ಸುತ್ತಿನಲ್ಲೇ ಮಿಸಾಕಿ ದೊಯಿ ಎದುರು ಮ್ಯಾಚ್ ಪಾಯಿಂಟ್ ಉಳಿಸಿದವರು. ಅದೇ ವರ್ಷ ಯುಎಸ್ ಓಪನ್ ಗೆದ್ದ ವಾವ್ರಿಂಕಾ ಮೂರನೇ ಸುತ್ತಿನಲ್ಲಿ ಡ್ಯಾನ್ ಇವಾನ್ಸ್ ಎದುರು ಉಳಿಸಿದರು. ನಿಮ್ಮ ಕೀಸ್ ಸೆಮಿಫೈನಲ್‌ನಲ್ಲಿ ಶ್ವಾಂಟೆಕ್ ಎದುರು ಉಳಿಸಿದರು. ನಾಲ್ಕು ಜನ, ನಾಲ್ಕು ಕಪ್, ನಾಲ್ಕಕ್ಕೂ ನಡುವೆ ಒಂದೊಂದು ಪಾಯಿಂಟ್.

ಇದನ್ನು ಅದೃಷ್ಟ ಅಂತ ತಳ್ಳಿಹಾಕಬೇಡಿ. ಆ ಪಾಯಿಂಟ್ ಆಡೋಕೂ ಗಟ್ಟಿ ಎದೆ ಬೇಕು. ಆದರೆ ಗೆಲುವಿನ ಅಂತರ ಕೂದಲೆಳೆಯಷ್ಟಿದ್ದರೆ, ಎರಡನೇ ಕಪ್ ಬೇಕಾದವರು ಆ ಕೂದಲೆಳೆ ಹತ್ತಿರಕ್ಕೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ವರ್ಷಕ್ಕೆ ನಾಲ್ಕೇ ಅವಕಾಶ. ನಾಲ್ಕರಲ್ಲಿ ಎರಡು ಸಲವಾದರೂ ಎರಡನೇ ವಾರಕ್ಕೆ ಗಟ್ಟಿ ಕಾಲಿನ ಮೇಲೆ ನಿಲ್ಲಬೇಕು. ಹೀಗೆ ತಿರುಗಿ ಮೈಗೇ ಬಂದೆವು ನೋಡಿ.

ಮೈ ಜೊತೆಗೆ ಕೈಕೊಡುವುದು ಇನ್ನೊಂದಿದೆ, ಗೆದ್ದ ಮೇಲಿನ ವರ್ಷ. ಗೆಲ್ಲುವವರೆಗೆ ಹೋದರೆ ಹೋಗಲಿ ಅಂತ ಆಡುತ್ತಿದ್ದವರು ಗೆದ್ದ ಮೇಲೆ ಕಾಪಾಡಿಕೊಳ್ಳೋಕೆ ಆಡುತ್ತಾರೆ. ರ್‍ಯಾಂಕಿಂಗ್ ಪಾಯಿಂಟ್ 52 ವಾರಕ್ಕೆ ಬಿದ್ದುಹೋಗುತ್ತದೆ, ಹೋದ ವರ್ಷ ಗೆದ್ದ ಟೂರ್ನಿಗೆ ಈ ವರ್ಷ ಹೋಗುವುದೇ ಸಾಲ ತೀರಿಸೋಕೆ ಹೋದ ಹಾಗೆ. ಕೆರ್ಬರ್ 2016ರಲ್ಲಿ ಎರಡು ಕಪ್ ಗೆದ್ದು ನಂಬರ್ 1 ಆದರು. 2017ರಲ್ಲಿ ಫ್ರೆಂಚ್ ಓಪನ್, ಯುಎಸ್ ಓಪನ್ ಎರಡರಲ್ಲೂ ಮೊದಲ ಸುತ್ತಿನಲ್ಲೇ ಸೋತರು. ಎಡಗೈ ಅದೇ, ಕಾಲೂ ಅದೇ. ಕೀಸ್‌ರ ಆ 89 ಎರರ್ ನೋಡಿ ನೀವು ವಯಸ್ಸು ಅಂದಿರಿ. ನನಗೆ ಅದು ವಯಸ್ಸಿನ ಥರ ಕಾಣಲಿಲ್ಲ. ಮೂರು ಸೆಟ್ ಆಡಿ, ಎರಡು ಟೈಬ್ರೇಕ್ ಆಡಿ, ಮೂರನೇ ಸೆಟ್ಟನ್ನು 7-5ರವರೆಗೆ ಎಳೆದವರ ಕಾಲು ಸುಸ್ತಾಗಿರಲಿಲ್ಲ. ಕೈ ಬಿಗಿಯಾಗಿತ್ತು.

ಸರಿ, ಏನು ಮಾಡಬಹುದು ಅಂತ ಕೇಳಿದ್ದೀರಿ. ಯಾವುದೂ ಪುಕ್ಕಟೆ ಅಲ್ಲ.

ಟೂರ್ನಿ ಕಮ್ಮಿ ಮಾಡುವುದು ಎಲ್ಲರೂ ಮೊದಲು ಹೇಳುವ ಮಾತು, ಫಿಸಿಯೊ ಆಗಿ ನನಗೂ ಇಷ್ಟ. ಆದರೆ ರ್‍ಯಾಂಕಿಂಗ್ ಇಳಿಯುತ್ತದೆ. ಗ್ರ್ಯಾಂಡ್‌ಸ್ಲಾಮ್‌ನಲ್ಲಿ ರ್‍ಯಾಂಕಿಂಗ್ ನೋಡಿ 32 ಜನಕ್ಕೆ ಶ್ರೇಯಾಂಕ (ಸೀಡ್) ಕೊಡುತ್ತಾರೆ, ಅವರು ಮೂರನೇ ಸುತ್ತಿನವರೆಗೆ ಒಬ್ಬರಿಗೊಬ್ಬರು ಸಿಗುವುದಿಲ್ಲ. ಶ್ರೇಯಾಂಕ ಕಳಕೊಂಡರೆ ಮೊದಲ ಸುತ್ತಿಗೇ ಸಬಲೆಂಕಾ ಥರದ ಅಗ್ರ ಆಟಗಾರ್ತಿ ಎದುರು ನಿಲ್ಲಬೇಕಾಗಬಹುದು. ಉಳಿಸಿದ ಶಕ್ತಿಯೆಲ್ಲ ಅಲ್ಲೇ ಖರ್ಚು. ಇನ್ನೊಂದು ವಿಷಯ ಆಟಗಾರರಿಗೇ ಅರ್ಥವಾಗುವುದು ಕಷ್ಟ. ಟೆಂಡನ್‌ಗೆ ಪೂರ್ತಿ ವಿಶ್ರಾಂತಿ ಕೊಟ್ಟರೆ ಅದು ಗಟ್ಟಿಯಾಗುವುದಿಲ್ಲ, ಮೆತ್ತಗಾಗುತ್ತದೆ. ಆರು ವಾರ ಸುಮ್ಮನೆ ಕೂತು ನೇರ ದೊಡ್ಡ ಟೂರ್ನಿಗೆ ಬಂದವರ ಹಿಮ್ಮಡಿಯನ್ನು ನಾನು ಎಷ್ಟು ಸಲ ಕಟ್ಟಿದ್ದೇನೋ ಲೆಕ್ಕವಿಲ್ಲ. ಮ್ಯಾಚ್ ಕಮ್ಮಿ ಆಗಲಿ, ಆದರೆ ಜಿಮ್‌ನಲ್ಲಿ ಭಾರ ಎತ್ತುವುದು ಕಮ್ಮಿ ಆಗಬಾರದು.

ಪಾಯಿಂಟ್ ಚಿಕ್ಕದು ಮಾಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ದಾರಿ. ಸರ್ವ್‌ನಲ್ಲೇ ಪಾಯಿಂಟ್ ಬಂದರೆ ಅಷ್ಟು ಸಲ ಬ್ರೇಕ್ ಹಾಕುವುದು ತಪ್ಪಿತು, 48 ಗಂಟೆಯ ಸಾಲ ಅಷ್ಟು ಕಮ್ಮಿ. ಕೀಸ್ ಆಟ ಮೊದಲಿಂದಲೂ ಈ ಥರದ್ದೇ, ಎರಡು ಹೊಡೆತದಲ್ಲಿ ಮುಗಿಸುವ ಆಟ. 2025ರ ಸೀಸನ್‌ಗೆ ಮುಂಚೆ ಅವರು ರಾಕೆಟ್ ಬದಲಿಸಿದ್ದೂ ಫಲ ಕೊಟ್ಟಿತು. ಅಪಾಯ ಅಂದರೆ, 30ರ ಹೊತ್ತಿಗೆ ರಾಕೆಟ್ಟೋ ಸರ್ವ್ ಮಾಡುವ ರೀತಿಯೋ ಬದಲಿಸಿದರೆ ಮಂಡಿಯ ಭಾರ ಇಳಿದು ಭುಜಕ್ಕೋ ಮಣಿಕಟ್ಟಿಗೋ ಹೋಗಿ ಕೂರುತ್ತದೆ. ಬದಲಿಸಿ, ಬೇಡ ಅನ್ನುವುದಿಲ್ಲ. ಸೀಸನ್ ನಡುವೆ ಬೇಡ.

ಕೋಚ್ ಬದಲಿಸುವುದು ಕೆಲವರಿಗೆ ಕೆಲಸ ಮಾಡಿದೆ. ಲಿ ನಾ 2012ರಲ್ಲಿ ಕಾರ್ಲೋಸ್ ರೊಡ್ರಿಗಸ್ ಹತ್ತಿರ ಹೋದರು, ಎರಡನೇ ಕಪ್ ಬಂತು. ಕೆರ್ಬರ್ ಆ ಕೆಟ್ಟ 2017 ಮುಗಿಯುತ್ತಲೇ ವಿಮ್ ಫಿಸೆಟ್ ಜೊತೆ ಸೇರಿದರು, 2018ರ ವಿಂಬಲ್ಡನ್ ಫೈನಲ್‌ನಲ್ಲಿ ಸೆರೆನಾರನ್ನು 6-3, 6-3ರಿಂದ ಸೋಲಿಸಿದರು. ಆದರೆ ಕೀಸ್‌ಗೆ ಕೋಚ್ ಅವರ ಗಂಡನೇ, ಬ್ಯೋರ್ನ್ ಫ್ರಾಟಾಂಜೆಲೊ. ಗೆಲ್ಲಿಸಿದ ಕೋಚನ್ನು ಒಂದು ಕೆಟ್ಟ ಟೂರ್ನಿಗೆ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ, ಅದರಲ್ಲೂ ಈ ಮನೆಯಲ್ಲಿ.

ಸರ್ಜರಿ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. 25ಕ್ಕೆ ಮಾಡಿಸಿದರೆ ವರ್ಷ ಹೋದರೂ ಮುಂದೆ ವರ್ಷಗಳಿವೆ. 32ಕ್ಕೆ ಮಾಡಿಸಿದರೆ ಹೋಗುವುದೇ ಉಳಿದಿದ್ದ ಒಳ್ಳೆಯ ವರ್ಷ. ಮಂಡಿ ಸರಿಯಾಗುತ್ತದೆ, ಆದರೆ ಆ ಹೊತ್ತಿಗೆ ಡ್ರಾದಲ್ಲಿ ಇರುವವರು ಬೇರೆ. ಇಂಜೆಕ್ಷನ್ ಕೊಟ್ಟು ಎರಡು ವಾರ ತಳ್ಳುವುದೂ ನಡೆಯುತ್ತದೆ, ನೋವು ಗೊತ್ತಾಗದ ಹಾಗೆ ಮಾಡಿ ಆಡಿಸುವುದು. ಒಂದು ಫೈನಲ್‌ಗೆ ಸರಿ. ಅದೇ ಅಭ್ಯಾಸವಾದರೆ ನಾನು ಆ ಟೀಮಿನಲ್ಲಿ ಇರುವುದಿಲ್ಲ.

ಡಬಲ್ಸ್‌ಗೆ ಹೋಗುವುದಂತೂ ಕಣ್ಣೆದುರಿಗೇ ಇದೆ, ನಮ್ಮ ರೋಹನ್ ಬೋಪಣ್ಣ. ಮಂಡಿಯಲ್ಲಿ ಕಾರ್ಟಿಲೆಜ್ (ಮೂಳೆಗಳ ನಡುವಿನ ಮೆತ್ತೆ) ಉಳಿದಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ, ಯೋಗದಿಂದ ಸುಧಾರಿಸಿತು ಅಂತಲೂ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಪುರುಷರ ಡಬಲ್ಸ್ ಗೆದ್ದಾಗ 43. ಅದೇ ವಯಸ್ಸಿಗೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1. ಅರ್ಧ ಅಂಗಳ ಕಾಯಬೇಕು, ಪಾಯಿಂಟ್ ಬೇಗ ಮುಗಿಯುತ್ತದೆ, ಅಂಚಿನಿಂದ ಅಂಚಿಗೆ ಓಡಿ ಬ್ರೇಕ್ ಹಾಕುವುದು ಕಮ್ಮಿ, ಹಾಗಾಗಿ ಸವೆದ ಮಂಡಿಯೂ ನಡೆಯುತ್ತದೆ. ಆದರೆ ನೆಟ್ ಹತ್ತಿರದ ಕೈಚಳಕ ಒಂದು ವರ್ಷದಲ್ಲಿ ಬರುವುದಲ್ಲ, ಒಳ್ಳೆಯ ಜೊತೆಗಾರರೂ ಸಿಗಬೇಕು. ಬೇಸ್‌ಲೈನ್‌ನಿಂದ ಬಡಿದು ಬೆಳೆದವರು ಇಲ್ಲಿ ಹೊಸಬರೇ.

ನಿಲ್ಲಿಸಿಬಿಡುವುದನ್ನು ಜನ ಸೋಲು ಅಂದುಕೊಳ್ಳುತ್ತಾರೆ. ಪೆನೆಟಾ ಕಪ್ ಕೈಯಲ್ಲಿ ಹಿಡಿದುಕೊಂಡೇ ನಿವೃತ್ತಿ ಹೇಳಿದರು. ಬಾರ್ತೋಲಿ ವಿಂಬಲ್ಡನ್ ಗೆದ್ದು ಆರು ವಾರದೊಳಗೆ ಬಿಟ್ಟರು, ಮೈಯಲ್ಲಿ ನೋವು ತಡೆಯೋಕಾಗುತ್ತಿಲ್ಲ ಅಂತ. ಇಬ್ಬರ ಮೇಲೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ. ನನ್ನ ಹತ್ತಿರ ಬರುವವರಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಿದವರು ಒಬ್ಬರೂ ಇಲ್ಲ.

ಹಾಗಾದರೆ ಕೀಸ್? ಇನ್ನೊಂದು ಗೆಲ್ಲುವ ಸಾಧ್ಯತೆ ಚೆನ್ನಾಗೇ ಇದೆ ಅಂತ ನನ್ನ ಅಂದಾಜು. ಎರಡು ಬಂದರೆ ನನಗೂ ಆಶ್ಚರ್ಯ. ಮೂರು ಅಂದರೆ ಯಾರೂ ಮುಟ್ಟದ ನಾಲ್ಕರ ಲೆಕ್ಕಕ್ಕೆ ಹೋಗುತ್ತಾರೆ. ಮುಂದಿನ ಸಲ ನೋಡುವಾಗ ಏಸ್ (ಎದುರಾಳಿ ಮುಟ್ಟಲಾಗದ ಸರ್ವ್) ಎಣಿಸಬೇಡಿ. ನಾಲ್ಕನೇ ಸುತ್ತಿನ ಮ್ಯಾಚಲ್ಲಿ ಫೋರ್‌ಹ್ಯಾಂಡ್ ಅಂಚಿಗೆ ಓಡಿ ಹೊಡೆದ ಮೇಲೆ ಎಷ್ಟು ಹೆಜ್ಜೆಯಲ್ಲಿ ನಿಲ್ಲುತ್ತಾರೆ ಅಂತ ನೋಡಿ. ಎರಡರಲ್ಲಿ ನಿಂತರೆ ಇನ್ನೂ ಟೂರ್ನಿಯಲ್ಲಿದ್ದಾರೆ. ನಾಲ್ಕೈದು ಹೆಜ್ಜೆ ಜಾರಿಕೊಂಡು ಹೋಗಿ ನಿಂತರೆ ಮುಂದಿನ ಸುತ್ತು ಕಷ್ಟ.

ಇನ್ನು ರಾಕೆಟ್. ಅವರು ಐದು ಅಂದರು, ನೀವು ಸೊನ್ನೆ ಅಂದಿರಿ, ನಾನು ಒಂದು ಅಂದೆ. ಲೆಕ್ಕದಲ್ಲಿ ನೀವೇ ಹತ್ತಿರ ಇದ್ದೀರಿ, ಆದರೆ ಕೀಸ್ ಇನ್ನೊಂದು ಗೆದ್ದ ದಿನ ನೀವು ಸೋತ ಹಾಗೇ. ಯಾರು ಕೊಡಿಸಿದರೂ ಸ್ಟ್ರಿಂಗ್ ಹಾಕಿಸುವಾಗ ಸ್ವಲ್ಪ ಸಡಿಲ ಬಿಡೋಕೆ ಹೇಳಿ. ನಿಮ್ಮಿಬ್ಬರ ಮೊಣಕೈಗೂ 40 ದಾಟಿದೆ.